ಗಾಡಿ 35 ಮಿ.ಮೀ. ತಗ್ಗಿಸಿದ್ಮೇಲೆ ಟೈರ್ ಉಜ್ತಿದೆ, ರೈಡೂ ಹಾಳಾಯ್ತು, ಎಲ್ಲಿ ತಪ್ಪಿದೀನಿ ಸ್ವಲ್ಪ ನೋಡಿ

ತಗ್ಗುಗಾಡಿ:
ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ಸುಮ್ನೆ ಓದ್ಕೊಂಡಿದ್ದೆ, ಬರೀತಿರೋದು ಇದೇ ಫಸ್ಟು. ನಂದು ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕು, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ಟು (ಶಾಕೂ ಸ್ಪ್ರಿಂಗೂ ಒಂದೇ ಕಂಬದಲ್ಲಿರೋದು), ಹಿಂದೆ ಟಾರ್ಶನ್ ಬೀಮು (ಎರಡೂ ವೀಲ್ ಸೇರ್ಸೋ ಅಡ್ಡ ತೊಲೆ). 35 ಮಿ.ಮೀ. ತಗ್ಗಿಸೋ ಲೋವರಿಂಗ್ ಸ್ಪ್ರಿಂಗ್ ಹಾಕ್ಸಿದೆ, ಶಾಕಬ್ಸಾರ್ಬರ್ ಕಂಪನಿದೇ ಇದೆ, ಸುಮಾರು 90 ಸಾವಿರ ಕಿ.ಮೀ. ಓಡಿರೋದು. ಅದರ ಜೊತೆಗೇ ವೀಲೂ ಚೇಂಜ್ ಮಾಡ್ದೆ, ಮೊದ್ಲು 16 ಇಂಚಿಂದು 7 ಇಂಚು ಅಗಲ ಇಟಿ 45 ಇತ್ತು (ಇಟಿ ಅಂದ್ರೆ ಆಫ್‌ಸೆಟ್, ವೀಲಿನ ನಡುಗೆರೆಯಿಂದ ಹಬ್ಬಿಗೆ ಕೂರೋ ಮುಖ ಎಷ್ಟು ಮಿ.ಮೀ. ಹೊರಗಿದೆ ಅಂತ), ಟೈರು 205/55, ಈಗ 17 ಇಂಚು 8 ಅಗಲ ಇಟಿ 35, ಟೈರು 225/45.

ನೋಡೋಕೆ ಅಂತೂ ಸಖತ್ತಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಹಿಂದೆ ಇಬ್ರು ಕೂತ್ರೆ ಹಂಪ್ ಇಳಿಯೋವಾಗ ಟೈರು ಫೆಂಡರ್‌ಗೆ ಕರ್‌ರ್ ಅಂತ ಉಜ್ಜುತ್ತೆ, ಮುಂದೆ ಫುಲ್ ಸ್ಟೇರಿಂಗ್ ತಿರುಗ್ಸಿ ಇಳಿಜಾರು ಹತ್ತಿಸಿದ್ರೆ ಪ್ಲಾಸ್ಟಿಕ್ ಕೆರೆಯೋ ಸೌಂಡು. ಅದಕ್ಕಿಂತ ಜಾಸ್ತಿ ಬೇಜಾರು ರೈಡು. ಚಿಕ್ಕ ಗುಂಡಿಗೂ ಧಡ್ ಅಂತ ಬೆನ್ನಿಗೆ ಹೊಡೆಯುತ್ತೆ, ಉದ್ದ ಅಲೆ ಅಲೆ ಇರೋ ರೋಡಲ್ಲಿ ಹಾಗೇ ಕುಪ್ಪಳಿಸ್ತಾ ಇರುತ್ತೆ. ಮನೆಯವರು ಈ ಗಾಡೀಲಿ ಇನ್ಮೇಲೆ ಕೂರಲ್ಲ ಅಂದ್ಬಿಟ್ರು. ಸ್ಪ್ರಿಂಗು ತುಂಬಾ ಗಟ್ಟಿ ಅಂತ ಕಾಣುತ್ತೆ, ಮೆತ್ತಗಿರೋದು ಹಾಕ್ಲಾ?

ಬೂಸ್ಟ್‌ಪ್ರಿಯ:
ಫೋಟೋ ಹಾಕಿ ಮೊದ್ಲು 😄

ಗ್ರೀಸ್‌ಕೈ:
ಮೆತ್ತಗಿರೋ ಸ್ಪ್ರಿಂಗ್ ಹಾಕಿದ್ರೆ ಇನ್ನೂ ಹಾಳಾಗುತ್ತೆ ಗುರು, ನಿಲ್ಲಿ. ಮುಕ್ಕಾಲು ಜನ ಎಡವೋದು ಇಲ್ಲೇ. ನಿಮ್ಗೆ ಬೆನ್ನಿಗೆ ಹೊಡೀತಿರೋದು ಸ್ಪ್ರಿಂಗ್ ಅಲ್ಲ, ಬಂಪ್ ಸ್ಟಾಪು. ಶಾಕ್ ರಾಡ್ ಮೇಲೆ ಕೂತಿರುತ್ತಲ್ಲ, ಹಳದಿನೋ ಕಪ್ಪೋ ಬಣ್ಣದ ಫೋಮ್ ಥರದ್ದು, ಅದು. ಕಂಪನಿ ಹೈಟಲ್ಲಿ ವೀಲು ಮೇಲಕ್ಕೆ ಬಂದು ಅದನ್ನ ಮುಟ್ಟೋಕೆ ಒಂದು 60 ಮಿ.ಮೀ. ಜಾಗ ಇತ್ತು ಅಂತ ಇಟ್ಕೊಳಿ. ನೀವು 35 ತಿಂದ್ರಿ, ಉಳಿದಿದ್ದು 25. ಡ್ರೈವರ್ ಒಬ್ರು ಕೂತು ಗುಂಡಿಗೆ ಬಿದ್ರೂ ಅದು ಖಾಲಿ. ಆಮೇಲೆ ಅಲ್ಲಿ ಸ್ಪ್ರಿಂಗ್ ಏನೂ ಕೆಲಸ ಮಾಡ್ತಿಲ್ಲ, ಇಡೀ ಗಾಡಿ ಆ ಫೋಮ್ ಮೇಲೆ ಕೂತಿದೆ. ಮೆತ್ತಗಿನ ಸ್ಪ್ರಿಂಗ್ ಆದ್ರೆ ಇನ್ನೂ ಬೇಗ ಅದರ ಮೇಲೆ ಕೂರುತ್ತೆ ಅಷ್ಟೇ. ತಗ್ಗಿರೋ ಗಾಡಿಗೆ ಸ್ಪ್ರಿಂಗ್ ಸ್ವಲ್ಪ ಗಟ್ಟಿ ಇದ್ರೇನೇ ರೈಡ್ ಚೆನ್ನಾಗಿರೋದು, ಕೇಳೋಕೆ ಉಲ್ಟಾ ಅನ್ಸುತ್ತೆ, ಏನ್ ಮಾಡೋದು.

ಊಹೆ ಬೇಡ, ಅಳತೆ ತಗೊಳಿ. ಶಾಕಿನ ಡಸ್ಟ್ ಕವರ್ ಮೇಲಕ್ಕೆ ಸರಿಸಿ ರಾಡಿಗೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ, ಜಾರೋ ಹಾಗಿರ್ಬೇಕು ಆದ್ರೆ ತಾನಾಗೇ ಬೀಳ್ಬಾರ್ದು. ಅದನ್ನ ಕೆಳಗೆ ಶಾಕ್ ಬಾಡಿಗೆ ತಾಗಿಸಿಟ್ಟು ದಿನಾ ಓಡ್ಸೋ ರೋಡಲ್ಲಿ ಒಂದು ರೌಂಡ್ ಹೋಗಿ ಬನ್ನಿ. ಟೈ ಎಲ್ಲಿವರೆಗೆ ಮೇಲೆ ಹೋಗಿದ್ಯೋ ಅಷ್ಟು ಟ್ರಾವೆಲ್ (ಶಾಕ್ ಕುಗ್ಗೋ ದೂರ) ಖರ್ಚಾಗಿದೆ ಅಂತ. ಹೋಗಿ ಬಂಪ್ ಸ್ಟಾಪ್ ಅಡಿಗೇ ಅಂಟ್ಕೊಂಡಿದ್ರೆ ಉತ್ತರ ಸಿಕ್ತು.

ಇನ್ನೊಂದು, ಸ್ಪ್ರಿಂಗ್ ಡಬ್ಬದಲ್ಲಿ ಒಂದು ಚೀಟಿ ಇತ್ತಲ್ಲ, ಬಂಪ್ ಸ್ಟಾಪ್ ಇಷ್ಟು ಕಟ್ ಮಾಡಿ ಅಂತ ಬರ್ದಿತ್ತಾ ಅದ್ರಲ್ಲಿ?

ತಗ್ಗುಗಾಡಿ:
ಚೀಟಿ... ಡಬ್ಬದ ಜೊತೆ ಎಸೆದ್ಬಿಟ್ಟೆ ಅನ್ಸುತ್ತೆ ಅಣ್ಣ. ಫಿಟ್ ಮಾಡ್ದವ್ರು ಏನೂ ಕಟ್ ಮಾಡಿಲ್ಲ, ಅದಂತೂ ಗೊತ್ತು.

ಮೂಲೆತಿರುವು:
ಗ್ರೀಸ್‌ಕೈ ಅಣ್ಣ ಹೇಳಿದ್ದು ಸರಿ, ಆದ್ರೆ ಈಗ್ಲೇ ಬ್ಲೇಡ್ ತಗೊಂಡು ಬಂಪ್ ಸ್ಟಾಪ್ ಕುಯ್ಯೋಕೆ ಹೋಗ್ಬೇಡಿ. ಟೈರು ಬಾಡಿಗೆ ಹೊಡೀದೇ ಇರೋ ಹಾಗೆ ಕೊನೇಲಿ ತಡೆಯೋದೂ ಅದೇ ಬಂಪ್ ಸ್ಟಾಪ್. ಅದನ್ನ ಗಿಡ್ಡ ಮಾಡಿದ್ರೆ ರೈಡಿಗೆ ಜಾಗ ಸಿಗುತ್ತೆ ನಿಜ, ಆದ್ರೆ ವೀಲು ಮೊದ್ಲಿಗಿಂತ ಇನ್ನೂ ಮೇಲೆ ಹೋಗುತ್ತೆ, ಆಗ ಉಜ್ಜೋದು ಜಾಸ್ತಿ ಆಗುತ್ತೆ. ಉಜ್ಜೋದು ನಿಲ್ಸೋಕೆ ಅಂತ ಬಂಪ್ ಸ್ಟಾಪ್ ಕೆಳಗೆ ಪ್ಯಾಕರ್ (ಎತ್ತರ ಮಾಡೋ ಬಿಲ್ಲೆ) ಇಟ್ರೆ ಉಜ್ಜಲ್ಲ, ಆದ್ರೆ ಗಾಡಿ ಎತ್ತಿನಗಾಡಿ ಆಗುತ್ತೆ. ಮೊದ್ಲು ಟೈರಿಗೆ ಜಾಗ ಮಾಡಿ, ಆಮೇಲೆ ಟ್ರಾವೆಲ್ಲು.

ಮತ್ತೆ ಒಂದು ಮಾತು ಹೇಳ್ತೀನಿ, ಜಗಳ ಬರ್ಬೋದು, ಬರ್ಲಿ: ತಗ್ಗಿಸಿದ್ದಕ್ಕೆ ಟೈರ್ ಉಜ್ಜಲ್ಲ. ಹಳೇ ವೀಲು ಹಳೇ ಟೈರು ಇದ್ದು ಬಂಪ್ ಸ್ಟಾಪ್ ಕುಯ್ಯದೇ ಹಾಗೇ ಬಿಟ್ಟಿದ್ರೆ, ವೀಲು ಎಷ್ಟು ಮೇಲೆ ಹೋಗ್ಬೋದು ಅನ್ನೋದು ಮೊದ್ಲಿನಷ್ಟೇ ಇರುತ್ತೆ, ಕಂಪನಿ ಅದಕ್ಕೆ ಜಾಗ ಬಿಟ್ಟೇ ಮಾಡಿರುತ್ತೆ. ಮೊದ್ಲು ವರ್ಷಕ್ಕೊಂದ್ಸಲ ಹೋಗ್ತಿದ್ದ ಜಾಗಕ್ಕೆ ಈಗ ದಿನಾ ಹೋಗುತ್ತೆ, ಅಷ್ಟೇ ವ್ಯತ್ಯಾಸ. ಉಜ್ತಿರೋದು ನಿಮ್ಮ ಹೊಸ ವೀಲಿನ ಆಫ್‌ಸೆಟ್ಟಿಂದ.

ಬೂಸ್ಟ್‌ಪ್ರಿಯ:
ಹಾಗಾದ್ರೆ ಟೈರ್ ದೊಡ್ಡದಾಯ್ತು ಅಂತಾನಾ? 225 ಅಲ್ವಾ

ಮೂಲೆತಿರುವು:
ಎತ್ತರದಲ್ಲಿ ದೊಡ್ಡದಾಗಿಲ್ಲ. ಲೆಕ್ಕ ಹಾಕಿ, 205/55 ಆರ್ 16 ಒಟ್ಟು ವ್ಯಾಸ 632 ಮಿ.ಮೀ., 225/45 ಆರ್ 17 ಅಂದ್ರೆ 634. ಎರಡು ಮಿ.ಮೀ. ಏನೂ ಅಲ್ಲ. ಅವರು ಅಲ್ಲಿ ಬುದ್ಧಿವಂತಿಕೆ ಮಾಡಿದಾರೆ, ಯಾರಾದ್ರೂ 225/50 ಹಾಕಿದ್ರೆ 657 ಆಗ್ತಿತ್ತು, ಆಗ ಕಥೆ ಬೇರೆ.

ಎಡವಟ್ಟಾಗಿರೋದು ಅಡ್ಡಡ್ಡಕ್ಕೆ. ವೀಲ್ ಅಗಲ 7 ಇಂದ 8 ಇಂಚು ಆದ್ರೆ ಒಳಗೆ ಅರ್ಧ ಇಂಚು ಹೊರಗೆ ಅರ್ಧ ಇಂಚು ಬೆಳೆಯುತ್ತೆ, ಅಂದ್ರೆ ಒಂದೊಂದ್ ಕಡೆ 12.7. ಇಟಿ 45 ಇಂದ 35 ಕ್ಕೆ ಬಂದ್ರೆ ಇಡೀ ವೀಲು 10 ಮಿ.ಮೀ. ಹೊರಗೆ ಸರಿಯುತ್ತೆ, ಇಟಿ ಕಮ್ಮಿ ಆದಷ್ಟೂ ವೀಲು ಹೊರಗೆ, ಇದನ್ನ ಉಲ್ಟಾ ನೆನಪಿಟ್ಕೊಂಡಿರೋರು ತುಂಬಾ ಜನ. ಕೂಡ್ಸಿದ್ರೆ ಹೊರಗಡೆ ಅಂಚು 22.7 ಮಿ.ಮೀ. ಹೊರಗೆ ಬಂತು, ಒಳಗಡೆ ಬರೀ 2.7. ಇಪ್ಪತ್ತಮೂರು ಮಿ.ಮೀ. ಅಂದ್ರೆ ಹತ್ತತ್ರ ಒಂದ್ ಬೆರಳು ಅಗಲ ಫೆಂಡರ್ ಕಡೆ ತಳ್ಳಿದೀರ, ಉಜ್ದೇ ಇನ್ನೇನ್ ಮಾಡುತ್ತೆ ಪಾಪ.

7.5 ಅಗಲ ಇಟಿ 42 ಆಗಿದ್ರೆ ಹೊರಗೆ 9.4 ಮಾತ್ರ, ಒಳಗೆ 3.4. ಅಂದ್ರೆ ಸ್ಟ್ರಟ್ ಕಡೆ ಹೆಚ್ಚುಕಮ್ಮಿ ಈಗಿರೋಷ್ಟೇ ಜಾಗ ಇಟ್ಕೊಂಡು ಫೆಂಡರ್ ಕಡೆ 13 ಮಿ.ಮೀ. ವಾಪಸ್ ಸಿಗ್ತಿತ್ತು.

ಕತ್ತರಿಸಿಂಹ:
ಇಷ್ಟೆಲ್ಲಾ ಲೆಕ್ಕ ಯಾಕ್ರೋ. ನಾನು ಕಂಪನಿ ಸ್ಪ್ರಿಂಗೇ ಒಂದೂವರೆ ಸುತ್ತು ಕಟ್ ಮಾಡ್ಸಿ ಓಡಿಸ್ತಿದೀನಿ, ಎರಡು ವರ್ಷ ಆಯ್ತು, ಏನೂ ಆಗಿಲ್ಲ. ಉಜ್ಜೋದೂ ಇಲ್ಲ.

ಗ್ರೀಸ್‌ಕೈ:
ಕತ್ತರಿಸಿಂಹ, ಬೈಯ್ಯಲ್ಲ, ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಗಾಡಿಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ವೀಲು ಪೂರ್ತಿ ನೇತಾಡೋ ಹಾಗೆ ಬಿಟ್ಟು ಸ್ಪ್ರಿಂಗನ್ನ ಕೈಯಲ್ಲಿ ಹಿಡಿದು ಅಲ್ಲಾಡ್ಸಿ ನೋಡಿ. ಬಂದು ಹೇಳಿ.

ಸುಮ್ನೆ ಗೊತ್ತಿರ್ಲಿ ಅಂತ: ಸ್ಪ್ರಿಂಗಿನ ಗಡಸು ಅದ್ರಲ್ಲಿ ಎಷ್ಟು ಸುತ್ತು ಕೆಲಸ ಮಾಡುತ್ತೋ ಅದಕ್ಕೆ ಉಲ್ಟಾ. ಕೆಲಸ ಮಾಡೋ ಸುತ್ತು 6 ಇದ್ರಲ್ಲಿ ಒಂದೂವರೆ ತೆಗೆದ್ರೆ 4.5 ಉಳೀತು, ಸ್ಪ್ರಿಂಗ್ 33 ಶೇಕಡ ಗಟ್ಟಿಯಾಯ್ತು. ಅದೊಂದೇ ಆಗಿದ್ರೆ ತೊಂದ್ರೆ ಇರ್ಲಿಲ್ಲ. ತುದಿ ಕಟ್ ಮಾಡಿದ್ಮೇಲೆ ಅದು ಸೀಟಲ್ಲಿ ಸರಿಯಾಗಿ ಕೂರಲ್ಲ, ಉದ್ದನೂ ಸಾಲಲ್ಲ. ಇನ್ನು ಕೆಲವ್ರು ಗ್ಯಾಸ್ ಟಾರ್ಚಲ್ಲಿ ಕಾಯ್ಸಿ ಕೂರಿಸ್ತಾರೆ, ಅದು ಬೇಡವೇ ಬೇಡ, ಹದ ಹೋಗಿರೋ ಉಕ್ಕು ಯಾವತ್ತು ಕುಸಿಯುತ್ತೋ ಯಾವತ್ತು ಮುರಿಯುತ್ತೋ ಯಾರಿಗೂ ಗೊತ್ತಾಗಲ್ಲ.

ಕತ್ತರಿಸಿಂಹ:
ನೋಡ್ದೆ. ಹಿಂದಿನ ಎಡಗಡೆದು ಕೈಯಲ್ಲಿ ಸುತ್ತುತ್ತೆ. ಸುಮಾರು ಒಂದು ಬೆರಳು ಗ್ಯಾಪು ಇದೆ ಮೇಲೆ. ಸರಿ ಸರಿ, ಸ್ಪ್ರಿಂಗ್ ಹುಡುಕ್ತೀನಿ.

ತಗ್ಗುಗಾಡಿ:
😂 ಸಾರಿ ಸಿಂಹ ಅಣ್ಣ. ನಾನೂ ಟೈ ಕಟ್ಟಿ ಒಂದು ರೌಂಡ್ ಹೋಗ್ಬಂದೆ. ಮುಂದೆ ಎರಡೂ ಕಡೆ ಟೈ ಬಂಪ್ ಸ್ಟಾಪಿಗೆ ಒತ್ಕೊಂಡು ಫೋಮಲ್ಲೇ ಗೆರೆ ಬಿದ್ದಿದೆ. ಗಾಡಿ ನಿಂತಿರೋವಾಗ ಅಳೆದ್ರೆ ಫೋಮಿಗೂ ಶಾಕ್ ಬಾಡಿಗೂ ಮಧ್ಯೆ ಮುಂದೆ 18 ಮಿ.ಮೀ. ಮಾತ್ರ ಇದೆ, ಹಿಂದೆ 30. 18!

ಅಲೈನ್ಮೆಂಟ್‌ಅಜ್ಜ:
ಹದಿನೆಂಟು ಅಂದ್ರೆ ಪಾಪ ಸ್ಪ್ರಿಂಗಿಗೆ ಕೆಲಸನೇ ಇಲ್ಲ ಬಿಡಿ. ತಮ್ಮಾ, ಒಂದು ಕೇಳ್ತೀನಿ. ಫಿಟ್ ಮಾಡೋವಾಗ ಲೋವರ್ ಆರ್ಮ್ (ವೀಲನ್ನ ಕೆಳಗಿಂದ ಬಾಡಿಗೆ ಹಿಡಿಯೋ ತೋಳು) ಬೋಲ್ಟು, ಹಿಂದೆ ಬೀಮಿನ ದೊಡ್ಡ ಬುಷ್ ಬೋಲ್ಟು ಇವೆಲ್ಲಾ ಬಿಚ್ಚಿದ್ರಾ? ಬಿಚ್ಚಿದ್ರೆ ವಾಪಸ್ ಟೈಟ್ ಮಾಡ್ದಾಗ ಗಾಡಿ ಲಿಫ್ಟ್ ಮೇಲೆ ವೀಲ್ ನೇತಾಡ್ತಿತ್ತಾ ಅಥವಾ ನೆಲದ ಮೇಲಿತ್ತಾ?

ತಗ್ಗುಗಾಡಿ:
ಬಿಚ್ಚಿದ್ರು. ಲಿಫ್ಟ್ ಮೇಲೇ ಏರ್ ಗನ್ನಲ್ಲಿ ಗರ್ ಅಂತ ಟೈಟ್ ಮಾಡಿ ಇಳಿಸಿದ್ರು. ಯಾಕೆ ಸರ್?

ಅಲೈನ್ಮೆಂಟ್‌ಅಜ್ಜ:
ಹಂಗೇ ಅಂದ್ಕೊಂಡೆ. ಆ ಬುಷ್ ಜಾರೋ ಥರದ್ದಲ್ಲ. ಒಳಗಡೆ ಒಂದು ಕಬ್ಬಿಣದ ಕೊಳವೆ, ಸುತ್ತ ರಬ್ಬರು ಅಂಟ್ಸಿರ್ತಾರೆ, ಬೋಲ್ಟ್ ಟೈಟ್ ಮಾಡಿದ್ರೆ ಒಳಗಿನ ಕೊಳವೆ ಬಾಡಿಗೆ ಕಚ್ಕೊಳ್ಳುತ್ತೆ, ಆರ್ಮ್ ಮೇಲೆ ಕೆಳಗೆ ಆಡೋದೆಲ್ಲಾ ರಬ್ಬರ್ ತಿರುಚಿಕೊಂಡೇ. ವೀಲು ನೇತಾಡೋವಾಗ ಕಚ್ಚಿಸಿದ್ರೆ ರಬ್ಬರಿಗೆ ಅದೇ ನೆಟ್ಟಗಿರೋ ಜಾಗ ಅಂತಾಯ್ತು. ಗಾಡಿ ನೆಲಕ್ಕೆ ಇಳಿಸಿದ ತಕ್ಷಣ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಕೂತಿರುತ್ತೆ, ಎಲ್ಲಾ ಟೈಮಲ್ಲೂ ಗಾಡಿನ ಮೇಲಕ್ಕೆ ತಳ್ತಾನೂ ಇರುತ್ತೆ. ರೈಡ್ ಒರಟಾಗುತ್ತೆ, ಸ್ವಲ್ಪ ದಿನಕ್ಕೆ ರಬ್ಬರ್ ಹರಿದು ಕಟಕಟ ಶುರುವಾಗುತ್ತೆ.

ನಾನು ಎಷ್ಟೋ ಗಾಡಿ ನೋಡಿದೀನಿ, ಸ್ಪ್ರಿಂಗ್ ಸರಿ ಇಲ್ಲ ಅಂತ ಬರ್ತಾರೆ, ನಾಲ್ಕು ವೀಲೂ ರ‍್ಯಾಂಪ್ ಮೇಲೆ ನಿಲ್ಸಿ ಬೋಲ್ಟ್ ಲೂಸ್ ಮಾಡಿದ್ರೆ ಟಕ್ ಅಂತ ಒಂದು ಸೌಂಡ್ ಬರುತ್ತೆ, ಗಾಡಿ ಸ್ವಲ್ಪ ಉಸಿರು ಬಿಟ್ಟ ಹಾಗೆ ಕೂರುತ್ತೆ. ಆಮೇಲೆ ಎರಡು ಸಲ ಬಾನೆಟ್ ಒತ್ತಿ ಬಿಟ್ಟು, ಭಾರ ವೀಲ್ ಮೇಲೇ ಇರೋವಾಗ ಮ್ಯಾನ್ಯುಯಲಲ್ಲಿ ಹೇಳಿರೋ ಟಾರ್ಕಿಗೆ ಟೈಟ್ ಮಾಡೋದು. ಖರ್ಚಿಲ್ಲದ ಕೆಲಸ. ಮೊದ್ಲು ಇದು ಮಾಡ್ಸಿ, ಅಲೈನ್ಮೆಂಟ್ ಆಮೇಲೆ.

ಬೂಸ್ಟ್‌ಪ್ರಿಯ:
ಇದು ನಂಗೆ ಗೊತ್ತೇ ಇರ್ಲಿಲ್ಲ, ನನ್ನ ಗಾಡೀದೂ ಲಿಫ್ಟ್ ಮೇಲೇ ಮಾಡಿರೋದು ಗ್ಯಾರಂಟಿ

ಎಕ್ಸೆಲ್‌ರಾಜ:
ನಡುವೆ ಬಾಯಿ ಹಾಕ್ತೀನಿ, ನಂದು ಹಿಂದೆ ಒಂದೇ ಪೀಸ್ ಆಕ್ಸಲ್, ಪ್ಯಾನ್‌ಹಾರ್ಡ್ ರಾಡ್ ಇರೋ ಗಾಡಿ. 50 ಮಿ.ಮೀ. ತಗ್ಗಿಸಿದೆ. ಬಲಗಡೆ ಮಾತ್ರ ಉಜ್ಜುತ್ತೆ ಎಡಗಡೆ ಬೆರಳಾಡುತ್ತೆ. ವೀಲ್ ಬೆಂಡಾ?

ಮೂಲೆತಿರುವು:
ವೀಲಲ್ಲ, ಆ ರಾಡೇ ಕಾರಣ. ಒಂದು ತುದಿ ಬಾಡಿಗೆ ಒಂದು ತುದಿ ಆಕ್ಸಲ್‌ಗೆ ಇರುತ್ತಲ್ಲ, ಓರೆಯಾಗಿದ್ದಿದ್ದು ಗಾಡಿ ತಗ್ಗಿದ್ಮೇಲೆ ಅಡ್ಡಡ್ಡ ಮಲ್ಕೊಂಡು ಆಕ್ಸಲನ್ನ ಪಕ್ಕಕ್ಕೆ ತಳ್ಳುತ್ತೆ. ಎರಡೂ ಕಡೆ ವೀಲಿಂದ ಫೆಂಡರ್ ತನಕ ಅಳೆದು, ಉದ್ದ ಅಡ್ಜಸ್ಟ್ ಮಾಡೋ ರಾಡ್ ಹಾಕಿ ಮಧ್ಯಕ್ಕೆ ತನ್ನಿ.

ಬೂಸ್ಟ್‌ಪ್ರಿಯ:
ಇಷ್ಟೆಲ್ಲಾ ಯಾಕೆ, ಕಾಯಿಲೋವರ್ (ಹೈಟ್ ಅಡ್ಜಸ್ಟ್ ಮಾಡೋ ಶಾಕು-ಸ್ಪ್ರಿಂಗ್ ಸೆಟ್ಟು) ಹಾಕಿದ್ರೆ ಮುಗೀತಲ್ವಾ? ಬೇಕಾದ ಹೈಟು, ಪ್ರೀಲೋಡ್ (ಸ್ಪ್ರಿಂಗನ್ನ ಮೊದ್ಲೇ ಅಮುಕಿಟ್ಟಿರೋದು) ಕಮ್ಮಿ ಮಾಡಿದ್ರೆ ಮೆತ್ತಗೂ ಆಗುತ್ತೆ

ಗ್ರೀಸ್‌ಕೈ:
ಪ್ರೀಲೋಡ್ ಕಮ್ಮಿ ಮಾಡಿದ್ರೆ ಮೆತ್ತಗಾಗುತ್ತೆ ಅನ್ನೋದು ಎಲ್ಲಾ ಕಡೆ ಓಡಾಡ್ತಿರೋ ಸುಳ್ಳು. ಒಂದೇ ಸಮ ಸುತ್ತಿರೋ ಸ್ಪ್ರಿಂಗಿಗೆ ಗಡಸು ಅದರ ಕಂಬೀಲಿದೆ, ಕೆಳಗಿನ ರಿಂಗ್ ತಿರುಗ್ಸಿದ್ರೆ ಬದಲಾಗಲ್ಲ. ಗಾಡಿ ಭಾರ ಬಿದ್ಮೇಲೆ ಅದು ಎಷ್ಟು ಕುಗ್ಬೇಕೋ ಅಷ್ಟೇ ಕುಗ್ಗೋದು. ರಿಂಗ್ ಇಳಿಸಿದ್ರೆ ಗಾಡಿ ತಗ್ಗುತ್ತೆ, ಬಂಪ್ ಟ್ರಾವೆಲ್ ಕಮ್ಮಿ ಆಗುತ್ತೆ, ಅದೇ ಹಳೇ ಕಥೆ. ಎರಡು ಥರ ಇದೆ ಕಾಯಿಲೋವರಲ್ಲಿ. ಒಂದ್ರಲ್ಲಿ ಬರೀ ಸ್ಪ್ರಿಂಗ್ ಸೀಟ್ ಮೇಲೆ ಕೆಳಗೆ ಮಾಡೋದು. ಇನ್ನೊಂದ್ರಲ್ಲಿ ಶಾಕಿನ ಕೆಳಗಿನ ಬ್ರಾಕೆಟ್ಟೇ ಬಾಡಿ ಮೇಲೆ ಥ್ರೆಡ್ ಆಗಿರುತ್ತೆ, ಇಡೀ ಶಾಕ್ ಗಿಡ್ಡ ಮಾಡ್ಬೋದು, ಎಷ್ಟು ತಗ್ಗಿಸಿದ್ರೂ ಶಾಕ್ ಒಳಗಿನ ಟ್ರಾವೆಲ್ ಹಾಗೇ ಇರುತ್ತೆ. ಚೆನ್ನಾಗಿದೆ, ಆದ್ರೆ ಮೂಲೆತಿರುವು ಹೇಳಿದ್ದು ನೆನಪಿಡಿ, ಶಾಕಲ್ಲಿ ಟ್ರಾವೆಲ್ ಇದ್ರೆ ಸಾಲ್ದು, ಟೈರಿಗೆ ಮೇಲೆ ಹೋಗೋಕೆ ಜಾಗನೂ ಇರ್ಬೇಕು. ಇಲ್ಲಾಂದ್ರೆ ಫೆಂಡರ್ರೇ ಬಂಪ್ ಸ್ಟಾಪು.

ತಗ್ಗುಗಾಡಿ ಅವ್ರಿಗೆ ಕಾಯಿಲೋವರ್ ಬೇಕಾಗಿಲ್ಲ ನನ್ನ ಪ್ರಕಾರ. ಕುಪ್ಪಳಿಸೋದಕ್ಕೆ ಕಾರಣ 90 ಸಾವಿರ ಓಡಿರೋ ಶಾಕು. ಸ್ಪ್ರಿಂಗ್ 30 ಶೇಕಡ ಗಟ್ಟಿ ಆದ್ರೆ ಅದನ್ನ ಅಷ್ಟೇ ಹಿಡಿತದಲ್ಲಿಡೋಕೆ ಶಾಕಿನ ಡ್ಯಾಂಪಿಂಗ್ (ಕುಣಿತ ತಡೆಯೋ ಬಲ) ಸುಮಾರು 14 ಶೇಕಡ ಜಾಸ್ತಿ ಬೇಕು, ವರ್ಗಮೂಲದ ಲೆಕ್ಕ ಅದು. ಹೊಸದೇ ಸಾಲಲ್ಲ, ಇನ್ನು ಸುಸ್ತಾಗಿರೋದು ಎಲ್ಲಿಂದ ತಡೆಯುತ್ತೆ. ತಗ್ಗಿರೋ ಗಾಡಿಗೆ ಅಂತಾನೇ ಬರೋ ಗಿಡ್ಡ ಬಾಡಿ ಶಾಕ್ ಸಿಗುತ್ತೆ, ನಿಮ್ಮ ಸ್ಪ್ರಿಂಗಿಗೆ ಹೊಂದೋದು ನೋಡಿ ಹಾಕ್ಸಿ, ಬಂಪ್ ಸ್ಟಾಪೂ ಅದರ ಜೊತೆದೇ ಹಾಕಿ, ಹಳೇದು ಕುಯ್ಯೋ ತಲೆನೋವೂ ಇಲ್ಲ.

ತಗ್ಗುಗಾಡಿ:
ಸರಿ, ಎಲ್ಲಾ ಬರ್ಕೊಂಡೆ. ಎಲ್ಲಿ ಉಜ್ತಿದೆ ಅಂತ ಕರೆಕ್ಟಾಗಿ ಕಂಡುಹಿಡಿಯೋದು ಹೇಗೆ? ಸೌಂಡ್ ಕೇಳಿ ಗೊತ್ತಾಗ್ತಿಲ್ಲ.

ಮೂಲೆತಿರುವು:
ಟೈರ್ ಭುಜ ನೋಡಿ, ಉಜ್ಜಿರೋ ಕಡೆ ಪಾಲಿಶ್ ಹೊಡೆದ ಹಾಗೆ ಮಿರಮಿರ ಅಂತಿರುತ್ತೆ. ಫೆಂಡರ್ ಒಳಗಡೆ ಮಡಿಕೆಗೆ, ಲೈನರಿಗೆ (ಒಳಗಿನ ಪ್ಲಾಸ್ಟಿಕ್ ಹೊದಿಕೆ) ಸೀಮೆಸುಣ್ಣ ದಪ್ಪಗೆ ಬಳ್ದು ಒಂದು ರೌಂಡ್ ಹೋಗಿ, ಒರೆಸಿ ಹೋಗಿರೋ ಜಾಗನೇ ಜಾಗ. ಮಕ್ಕಳು ಆಡೋ ಕ್ಲೇ ಉಂಡೆ ಅಂಟ್ಸಿದ್ರೆ ಇನ್ನೂ ಒಳ್ಳೇದು, ಎಷ್ಟು ದಪ್ಪ ಉಳಿದಿದೆ ಅಂತ ಅಳತೆನೇ ಸಿಗುತ್ತೆ.

ಪಕ್ಕಾ ಮಾಡೋದು ಅಂದ್ರೆ ಹೊಸ ಶಾಕ್ ಹಾಕೋ ದಿನ, ಸ್ಪ್ರಿಂಗ್ ಇಲ್ದೇ ಬರೀ ಶಾಕು, ಬಂಪ್ ಸ್ಟಾಪು, ಟಾಪ್ ಮೌಂಟು ಜೋಡಿಸಿ ವೀಲ್ ಹಾಕಿ. ಗಾಡಿ ಸ್ಟ್ಯಾಂಡ್ ಮೇಲೆ ಭದ್ರವಾಗಿರ್ಲಿ. ಲೋವರ್ ಆರ್ಮಿಗೆ ಜಾಕ್ ಕೊಟ್ಟು ಬಂಪ್ ಸ್ಟಾಪ್ ಚೆನ್ನಾಗಿ ಅಮುಕೋ ತನಕ ವೀಲ್ ಮೇಲೆತ್ತಿ, ಸ್ಟೇರಿಂಗ್ ಈ ಕೊನೆಯಿಂದ ಆ ಕೊನೆಗೆ ತಿರುಗ್ಸಿ. ರೋಡಲ್ಲಿ ಆಗ್ಬೋದಾದ ಅತಿ ಕೆಟ್ಟ ಸ್ಥಿತಿ ಅದೇ, ಕಣ್ಣೆದುರಿಗೇ ಕಾಣುತ್ತೆ. ಸ್ಪ್ರಿಂಗ್ ಬಿಚ್ಚೋಕೆ ಮಾತ್ರ ಒಳ್ಳೇ ಕಂಪ್ರೆಸರ್ ಇರೋವ್ರ ಹತ್ರನೇ ಹೋಗಿ, ಅದು ಜಾರಿದ್ರೆ ಕೈ ಹೋಗುತ್ತೆ.

ಪೇಂಟುಪಾಪಣ್ಣ:
ಫೆಂಡರ್ ಮಡಿಸೋ ಪ್ಲಾನ್ ಇದ್ರೆ ಒಂದು ಮಾತು. ಒಳಗಿನ ಮಡಿಕೆನ ಮೇಲಕ್ಕೆ ಒತ್ತೋ ರೋಲರ್ ಬರುತ್ತೆ, ಹೀಟ್ ಗನ್ನಲ್ಲಿ ಪೇಂಟ್ ಬಿಸಿ ಮಾಡ್ಕೊಂಡು ಸ್ವಲ್ಪ ಸ್ವಲ್ಪನೇ, ಹತ್ತು ಹದಿನೈದು ಸಲ ಹೋಗ್ಬೇಕು. ಅರ್ಜೆಂಟ್ ಮಾಡಿದ್ರೆ ಚಳಿಗಾಲದ ತುಟಿ ಥರ ಸೀಳುತ್ತೆ ಪೇಂಟು. ಹಿಂದಿನ ಫೆಂಡರಲ್ಲಿ ಒಳ ತಗಡು ಹೊರ ತಗಡು ಸೇರೋ ಜಾಗ ಅದೇ, ಮಧ್ಯೆ ಸೀಲೆಂಟ್ ಇರುತ್ತೆ, ಮಡಿಸಿದ್ರೆ ಅದು ಬಿರುಕು ಬಿಡುತ್ತೆ, ವಾಪಸ್ ಸೀಲೆಂಟ್ ಹಚ್ದೇ ಬಿಟ್ರೆ ನೀರು ಹೋಗಿ ಒಳಗಿಂದಾನೇ ತುಕ್ಕು. ವೀಲ್ ಚೇಂಜ್ ಮಾಡೋಕಾದ್ರೆ ಅದೇ ಮಾಡಿ, ತಗಡು ಮುಟ್ಬೇಡಿ ಅಂತೀನಿ ನಾನು, ನನ್ನ ಹೊಟ್ಟೆಪಾಡೇ ಅದಾದ್ರೂ.

ತಗ್ಗುಗಾಡಿ:
ಅಪ್‌ಡೇಟ್ ಕೊಡ್ತೀನಿ, ಸುಮಾರು ಒಂದೂವರೆ ತಿಂಗಳಾಯ್ತು. ಉದ್ದ ಇದೆ ಬೇಜಾರ್ ಮಾಡ್ಕೋಬೇಡಿ.

ಮೊದ್ಲು ಅಜ್ಜ ಹೇಳಿದ ಹಾಗೆ ರ‍್ಯಾಂಪ್ ಮೇಲೆ ನಿಲ್ಸಿ ಬುಷ್ ಬೋಲ್ಟ್ ಲೂಸ್ ಮಾಡಿಸ್ದೆ. ಆ ಟಕ್ ಸೌಂಡ್ ಬಂತು ಸರ್, ಸತ್ಯವಾಗ್ಲೂ ಮೈ ಜುಂ ಅಂತು. ವೀಲ್ ಸೆಂಟರಿಂದ ಫೆಂಡರ್ ತನಕ ಅಳೆದಿದ್ದೆ, ಹಿಂದೆ 6 ಮಿ.ಮೀ. ಇಳೀತು. ಅಂದ್ರೆ ಇಷ್ಟು ದಿನ ರಬ್ಬರೇ ಎತ್ತಿ ಹಿಡ್ಕೊಂಡಿತ್ತು. ಅದೊಂದೇ ಕೆಲಸಕ್ಕೆ ಸಣ್ಣ ಸಣ್ಣ ಗುಂಡೀಲಿ ಒರಟುತನ ಅರ್ಧ ಕಮ್ಮಿ ಆದ ಹಾಗನ್ಸ್ತು, ಆದ್ರೆ ದೊಡ್ಡ ಹಂಪಲ್ಲಿ ಧಡ್ ಹಾಗೇ ಇತ್ತು, ಹಿಂದೆ ಉಜ್ಜೋದು ಜಾಸ್ತಿನೇ ಆಯ್ತು.

ಆಮೇಲೆ ವೀಲ್ ಕೊಟ್ಬಿಟ್ಟು 7.5 ಇಟಿ 42 ತಗೊಂಡೆ, ಟೈರ್ 215/45. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರುತ್ತೆ ಅನ್ನೋ ನಂಬರು) ಹಳೇದಕ್ಕಿಂತ ಕಮ್ಮಿ ಆಗ್ದೇ ಇರೋದು ನೋಡ್ಕೊಂಡೇ ತಗೊಂಡೆ. ವ್ಯಾಸ 625, ಸ್ಪೀಡೋಮೀಟರ್ ಒಂದು ಶೇಕಡ ಜಾಸ್ತಿ ತೋರ್ಸುತ್ತೆ, ಪರ್ವಾಗಿಲ್ಲ. ಗಿಡ್ಡ ಶಾಕು, ಅದರದೇ ಬಂಪ್ ಸ್ಟಾಪು ಹಾಕ್ಸ್ದೆ, ಆ ದಿನ ಸ್ಪ್ರಿಂಗ್ ಇಲ್ದೇ ವೀಲ್ ಎತ್ತಿ ನೋಡಿದ್ವಿ. ಹಿಂದೆ ಎಲ್ಲೂ ತಾಗ್ಲಿಲ್ಲ, ಕ್ಲೇ 7 ಮಿ.ಮೀ. ಉಳೀತು. ಮುಂದೆ ಫುಲ್ ಲಾಕಲ್ಲಿ ಲೈನರಿನ ಒಂದು ಮೂಲೆ, ಬಂಪರ್ ಸೇರೋ ಕಡೆ ಒಂದು ಸ್ಕ್ರೂ ತಲೆ ಹೊರಗೆ ಬಂದಿತ್ತು, ಅದೇ ಕೆರೀತಿದ್ದಿದ್ದು! ಸ್ಕ್ರೂ ತೆಗೆದು ಲೈನರ್ ಹಿಂದಕ್ಕೆ ಎಳ್ದು ಕೇಬಲ್ ಟೈ ಹಾಕಿದ್ವಿ. ತಗಡು ಮುಟ್ಲಿಲ್ಲ ಪಾಪಣ್ಣ.

ಈಗ ನಿಂತಿರೋವಾಗ ಮುಂದೆ ಫೋಮಿಗೂ ಶಾಕ್ ಬಾಡಿಗೂ ಗ್ಯಾಪು 41 ಮಿ.ಮೀ. ಕುಪ್ಪಳಿಸೋದು ಪೂರ್ತಿ ನಿಂತಿದೆ. ಕಂಪನಿ ರೈಡಿನಷ್ಟು ಮೆತ್ತಗಿಲ್ಲ, ಸುಳ್ಳು ಯಾಕೆ ಹೇಳ್ಲಿ, ಆದ್ರೆ ಮನೆಯವರು ಹಿಂದೆ ಕೂತು ನಿದ್ದೆ ಮಾಡಿದ್ರು.

ಅಲೈನ್ಮೆಂಟ್‌ಅಜ್ಜ:
ಬಹಳ ಖುಷಿ ಆಯ್ತು ತಮ್ಮಾ. ಸ್ಪ್ರಿಂಗ್ ಶಾಕ್ ಕೂತ್ಕೊಳ್ಳೋಕೆ ಒಂದು 300 ಕಿ.ಮೀ. ಓಡ್ಸಿ ಆಮೇಲೆ ಅಲೈನ್ಮೆಂಟ್ ಮಾಡ್ಸಿ. ತಗ್ಗಿಸಿದಾಗ ಕ್ಯಾಂಬರ್ ಸ್ವಲ್ಪ ಮೈನಸ್ಸಿಗೆ ಹೋಗುತ್ತೆ (ವೀಲಿನ ಮೇಲ್ಭಾಗ ಒಳಗೆ ವಾಲುತ್ತೆ), ಅದಕ್ಕೇ ಟೈರ್ ಒಳಗಡೆ ಸವೆಯುತ್ತೆ ಅಂತ ಎಲ್ರೂ ಕ್ಯಾಂಬರಿಗೆ ಬೈಯ್ತಾರೆ, ಜಾಸ್ತಿ ತಿನ್ನೋದು ಟೋ, ಅಂದ್ರೆ ಮೇಲಿಂದ ನೋಡಿದ್ರೆ ವೀಲು ಒಳಕ್ಕೋ ಹೊರಕ್ಕೋ ತಿರುಗಿರೋದು. ಟೈ ರಾಡ್ ಓರೆ ಬದಲಾದ್ರೆ ಟೋ ಬದಲಾಗೇ ಆಗುತ್ತೆ. ಅದು ಸರಿ ಇದ್ರೆ ಒಂದು ಒಂದೂವರೆ ಡಿಗ್ರಿ ಮೈನಸ್ ಕ್ಯಾಂಬರಿಗೆ ಟೈರ್ ಏನೂ ಸಾಯಲ್ಲ.

ಹಿಂದೆ ಬೀಮಿಗೆ ಒಂದು ಸಣ್ಣ ಸ್ಪ್ರಿಂಗೋ ಕಡ್ಡಿನೋ ಕಟ್ಟಿರೋ ಬ್ರೇಕ್ ವಾಲ್ವ್ ಇದ್ಯಾ ನೋಡಿ. ಕೆಲವು ಹಳೇ ಗಾಡೀಲಿ ಇರುತ್ತೆ, ಹಿಂದೆ ತಗ್ಗಿದ್ರೆ ಲೋಡ್ ಬಿದ್ದಿದೆ ಅಂದ್ಕೊಂಡು ಹಿಂದಿನ ಬ್ರೇಕಿಗೆ ಜಾಸ್ತಿ ಪ್ರೆಶರ್ ಬಿಡುತ್ತೆ, ಮಳೇಲಿ ಹಿಂದಿನ ವೀಲ್ ಲಾಕ್ ಆಗ್ಬೋದು. ಇದ್ರೆ ಹೊಸ ಹೈಟಿಗೆ ಸೆಟ್ ಮಾಡ್ಸಿ.

ತಗ್ಗುಗಾಡಿ:
ಬಗ್ಗಿ ನೋಡ್ದೆ ಸರ್, ಆ ವಾಲ್ವ್ ಇಲ್ಲ. ಆದ್ರೆ ಒಂದು ಪುಟ್ಟ ಪ್ಲಾಸ್ಟಿಕ್ ಕಡ್ಡಿ ವೈರ್ ಜೊತೆ ಬೀಮಿಗಿದೆ, ಅದೇನು?

ಗ್ರೀಸ್‌ಕೈ:
ಅದು ಹೆಡ್‌ಲೈಟ್ ಲೆವೆಲ್ ಸೆನ್ಸರು. ಅದಕ್ಕೂ ಹಿಂದೆ ಲೋಡ್ ಬಿದ್ದ ಹಾಗೇ ಕಾಣುತ್ತೆ, ಹಾಗಾಗಿ ಲೈಟ್ ಬೇಕಾದ್ದಕ್ಕಿಂತ ಕೆಳಗೆ ಬೀಳ್ತಿರುತ್ತೆ. ರಾತ್ರಿ ಗೋಡೆ ಮುಂದೆ ನಿಲ್ಸಿ ನೋಡಿ, ಆಮೇಲೆ ಸ್ಕ್ಯಾನರ್ ಹಾಕಿ ಝೀರೋ ಮಾಡ್ಸಿ.

ಕತ್ತರಿಸಿಂಹ:
ನಂಗೂ ಸ್ಪ್ರಿಂಗ್ ಬಂತು. ಚೀಟಿ ಎಸೆದಿಲ್ಲ ಈ ಸಲ, ಬಂಪ್ ಸ್ಟಾಪ್ ಮುಂದೆ 20 ಮಿ.ಮೀ. ಕಟ್ ಮಾಡಿ ಅಂತಿದೆ. ವೀಲ್ ಕಂಪನಿದೇ. ಮಾಡ್ಬೋದಾ?

ಮೂಲೆತಿರುವು:
ಚೀಟೀಲಿ ಎಷ್ಟಿದೆಯೋ ಅಷ್ಟೇ, ಒಂದು ಮಿ.ಮೀ. ಜಾಸ್ತಿ ಬೇಡ. ತುದಿ ಕಡೆಯಿಂದ ಕುಯ್ಬೇಕಾ ಬುಡದ ಕಡೆಯಿಂದಾನಾ ಅಂತ ಚಿತ್ರದಲ್ಲಿ ನೋಡಿ, ತುದೀಲಿ ಸಣ್ಣಗಿರುತ್ತಲ್ಲ, ಅದು ಹೋದ್ರೆ ಮೆಲ್ಲಗೆ ತಾಗೋ ಭಾಗನೇ ಹೋದ ಹಾಗೆ. ಮತ್ತೆ ಸ್ಪ್ರಿಂಗ್ ಬಿಚ್ಚಿರೋವಾಗ ಕ್ಲೇ ಇಟ್ಟು ವೀಲ್ ಎತ್ತಿ ನೋಡಿದ್ಮೇಲೆ ಜೋಡಿಸಿ.

ಕತ್ತರಿಸಿಂಹ:
ಕ್ಲೇ ಮಗಳದ್ದು ಇದೆ, ಗುಲಾಬಿ ಬಣ್ಣದ್ದು. ಕೇಳ್ಬೇಕು ಅವಳನ್ನ.